ಎರಡು ಬಾಲದ ಜೇಡ ಮತ್ತು ಅದರ ಕುಟುಂಬ

ಜೇಡ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಲೆ. ಅಡಿಗೆಮನೆಯ ಜಂತೆಯಲ್ಲಿ ಮಸಿ ಹಿಡಿದು ತೂಗಾಡುವ ಬಲೆ, ಬೇಲಿಯ ಮೇಲೆ ಬೆಳಗಿನ ಇಬ್ಬನಿಯಲ್ಲಿ ಹೊಳೆಯುವ ಬಲೆ. ಆದರೆ ಜಗತ್ತಿನ ಜೇಡಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಬೇಟೆಗಾಗಿ ಬಲೆಯನ್ನು ಕಟ್ಟುವುದೇ ಇಲ್ಲವೆಂದರೆ ಹಲವರು ನಂಬಲಾರರು. ಕೆಲವು ಓಡಿ ಹಿಡಿಯುತ್ತವೆ, ಕೆಲವು ನೆಗೆದು ಹಿಡಿಯುತ್ತವೆ, ಕೆಲವು ಹೂವಿನ ಬಣ್ಣವನ್ನೇ ತಳೆದು ಹೂವಿನಲ್ಲಿ ಕಾದು ಕುಳಿತಿರುತ್ತವೆ. ಬಲೆಯಿಲ್ಲದ ಈ ಬೇಟೆಗಾರರಲ್ಲಿ ಮರದ ಬೊಡ್ಡೆಯನ್ನೇ ಮನೆ ಮಾಡಿಕೊಂಡ ಒಂದು ಜೇಡವಿದೆ. ಇದರ ಹಿಂಭಾಗದಲ್ಲಿ ಎರಡು ನೀಳವಾದ ಬಾಲಗಳಿರುವಂತೆ ಕಾಣುತ್ತದೆ. ಇದು ಸೇರಿರುವ ಚಿಕ್ಕ ಕುಟುಂಬಕ್ಕೆ ಹರ್ಸಿಲಿಯಿಡೇ ಎಂದು ಹೆಸರು. ಆ ಕುಟುಂಬವನ್ನು ಪಂಡಿತರು ಹೇಗೆ ವಿಂಗಡಿಸಿದರು, ಅದು ಭೂಮಿಯ ಮೇಲೆ ಎಲ್ಲೆಲ್ಲಿ ಹರಡಿದೆ ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯಲು ಪ್ರಯತ್ನಿಸಿದ್ದೇನೆ.

ನಾನು ಇತಿಹಾಸದ ವಿದ್ಯಾರ್ಥಿ. ಕಲಾ ಕಾಲೇಜಿನವನಿಗೆ ಜೇಡದ ಗೊಡವೆ ಏಕೆಂದು ಸ್ನೇಹಿತರು ಕೇಳಿದ್ದುಂಟು. ನನ್ನ ತಾಯಿಯ ತವರು ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಯ ಹತ್ತಿರದ ಕುಬಟೂರು. 1100ರ ಸುಮಾರಿನಲ್ಲಿ ಕಟ್ಟಿದ ಕೈಟಭೇಶ್ವರ ದೇವಾಲಯ ಅಲ್ಲಿರುವುದನ್ನು ವಾಚಕರು ಬಲ್ಲರು. ಅದರ ಕಂಬಗಳನ್ನು ನೋಡಲು ಹೋಗುವವನಿಗೆ ದಾರಿಯುದ್ದಕ್ಕೂ ಮಾವು, ಹಲಸು, ಹುಣಸೆಯ ಹಳೆಯ ಮರಗಳು ಸಿಗುತ್ತವೆ. ಶಾಸನ ನೋಡುವ ಅಭ್ಯಾಸದಿಂದ ಗೀರುಗಳನ್ನು ನೋಡುವ ಕಣ್ಣು ಸ್ವಲ್ಪ ಪಳಗಿರುತ್ತದಷ್ಟೆ. ಒಂದು ಮಾವಿನ ಬೊಡ್ಡೆಯ ಮೇಲೆ ತೊಗಟೆಯ ಚೂರೊಂದು ಥಟ್ಟನೆ ಒಂದು ಗೇಣು ಪಕ್ಕಕ್ಕೆ ಸರಿದುದನ್ನು ಕಂಡು ನಿಂತೆ. ಜೊತೆಯಲ್ಲಿದ್ದ ನನ್ನ ಸೋದರಮಾವ, "ಎಂಥ ನೋಡ್ತಿದೀಯೋ ಮಾರಾಯ, ತೊಗಟೆ ಅಲ್ವಾ ಅದು" ಎಂದರು. ಬೆರಳು ಮಾಡಿ ತೋರಿಸಿದ ಮೇಲೂ ಅವರಿಗೆ ಅದು ಕಾಣಲು ಒಂದು ನಿಮಿಷ ಹಿಡಿಯಿತು. ಅಲ್ಲಿಂದ ಮುಂದೆ ಮೂರು ರಜೆಗಳಲ್ಲಿ ಆ ಊರಿನ ಮರಗಳನ್ನು ಸುತ್ತಿ ನೋಡಿದ್ದೇನೆ.

ಮೊದಲು ಅದರ ರೂಪ. ಮೈಯ ಉದ್ದ ಸುಮಾರು ಒಂದು ಸೆಂಟಿಮೀಟರು, ಕಾಲುಗಳು ಅದಕ್ಕಿಂತ ಎಷ್ಟೋ ಉದ್ದ. ಮೈ ಚಪ್ಪಟೆ. ಬಣ್ಣ ಬೂದಿ, ಕಂದು, ಹಾವಸೆಯ ಹಸುರು ಇವುಗಳ ಬೆರಕೆ. ಬಹುಮಟ್ಟಿಗೆ ತಲೆ ಕೆಳಗಾಗಿ, ಕಾಲುಗಳನ್ನು ಬೊಡ್ಡೆಗೆ ಅಪ್ಪಿ ಕುಳಿತಿರುತ್ತದೆ. ನೆರಳು ಬೀಳದಷ್ಟು ಒತ್ತಿ ಕುಳಿತಿರುವುದರಿಂದ ಹತ್ತಿರ ಹೋದರೂ ಕಾಣುವುದಿಲ್ಲ. ಎಂಟು ಕಣ್ಣುಗಳೂ ತಲೆಯ ಮೇಲೆ ಎದ್ದು ನಿಂತ ಒಂದು ಚಿಕ್ಕ ದಿಬ್ಬದ ಮೇಲಿವೆ. ಕಾಲುಗಳ ನಾಲ್ಕು ಜೊತೆಗಳಲ್ಲಿ ಮೂರನೆಯ ಜೊತೆ ಮಾತ್ರ ಬಹಳ ಗಿಡ್ಡ. ಎರಡು ಬಾಲ, ಗಿಡ್ಡ ಮೂರನೆಯ ಕಾಲು, ಕಣ್ಣಿನ ದಿಬ್ಬ, ಈ ಮೂರೂ ಕೂಡಿ ಕಂಡರೆ ಅದು ಹರ್ಸಿಲಿಯಿಡೇ ಕುಟುಂಬದ್ದೆಂದು ಸೂಕ್ಷ್ಮದರ್ಶಕದ ಸಹಾಯವಿಲ್ಲದೆ ಹೇಳಬಹುದು. ಬಾಲವೊಂದನ್ನೇ ನಂಬಿದರೆ ಸಾಲದು. ಹುಲ್ಲಿನ ಮೇಲೆ ಆಲಿಕೆಯ ಆಕಾರದ ಬಲೆ ಹಾಸುವ ಜೇಡಗಳಲ್ಲಿ ಕೆಲವಕ್ಕೆ ಹಿಂದೆ ಎರಡು ಕಡ್ಡಿಗಳು ಚಾಚಿಕೊಂಡಿರುವುದುಂಟು. ಅವುಗಳ ಮನೆತನವೇ ಬೇರೆ.

ಬಾಲವೆಂದು ನಾವು ಕರೆಯುವುದು ನಿಜವಾಗಿ ಬಾಲವಲ್ಲ. ಜೇಡಗಳ ಹೊಟ್ಟೆಯ ತುದಿಯಲ್ಲಿ ನೂಲು ಹೊರಬರುವ ಪುಟ್ಟ ಕೊಳವೆಗಳಿರುತ್ತವೆ, ಸಾಮಾನ್ಯವಾಗಿ ಮೂರು ಜೊತೆ. ಇವನ್ನು ನೂಲುಗೊಳವೆಗಳೆಂದು ಕರೆಯೋಣ. ಬೇರೆ ಜೇಡಗಳಲ್ಲಿ ಇವು ಮೊಟುಕಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಈ ಕುಟುಂಬದಲ್ಲಿ ಹಿಂದಿನ ಜೊತೆ ಮಾತ್ರ ಬೆಳೆದು ಉದ್ದವಾಗಿದೆ. ಹರ್ಸಿಲಿಯಾ ಎಂಬ ಮುಖ್ಯ ಜಾತಿಯಲ್ಲಿ ಅದು ಹೊಟ್ಟೆಯಷ್ಟೇ ಉದ್ದವಾಗಿರುವುದೂ ಉಂಟು. ಅದರ ಒಳಮಗ್ಗುಲಿನ ಉದ್ದಕ್ಕೂ ನೂಲು ಬಿಡುವ ರಂಧ್ರಗಳು ಸಾಲುಗಟ್ಟಿವೆ. ಮಿಕ್ಕ ಜೇಡಗಳು ದಾರದಂತೆ ಎಳೆ ಬಿಟ್ಟರೆ ಇದು ಪಟ್ಟಿಯಂತೆ ಬಿಡುತ್ತದೆ.

ಈ ಪಟ್ಟಿಯನ್ನು ಬಳಸುವ ರೀತಿಯೇ ಸ್ವಾರಸ್ಯ. ಒಂದು ದಿನ ಹಲಸಿನ ಬೊಡ್ಡೆಯ ಮೇಲೆ ಹತ್ತಿ ಬರುತ್ತಿದ್ದ ಇರುವೆ ಜೇಡದ ಮುಂಗಾಲಿನ ಹತ್ತಿರಕ್ಕೆ ಬಂದಿತು. ಜೇಡ ಕಚ್ಚಲಿಲ್ಲ. ನೆಗೆದು ಇರುವೆಗೆ ಬೆನ್ನು ತಿರುಗಿಸಿತು. ಬಾಲಗಳನ್ನು ಇರುವೆಯ ಕಡೆಗೇ ಹಿಡಿದು ಅದರ ಸುತ್ತ ಗರಗರನೆ ಸುತ್ತತೊಡಗಿತು. ಗಾಣದ ಎತ್ತು ಗಾಣವನ್ನು ಸುತ್ತುವಂತೆ ಎನ್ನಬಹುದು, ಆದರೆ ವೇಗ ಎತ್ತಿನದಲ್ಲ. ಎಷ್ಟು ಸುತ್ತು ಎಂದು ಎಣಿಸಲು ನನ್ನಿಂದ ಆಗಲಿಲ್ಲ. ನಿಂತಾಗ ಇರುವೆ ಬಿಳಿಯ ಹೊದಿಕೆಯೊಳಗೆ ತೊಗಟೆಗೆ ಬಿಗಿದುಹೋಗಿತ್ತು. ಆಮೇಲೆ ಜೇಡ ನಿಧಾನವಾಗಿ ತಿರುಗಿ ಬಂದು ಕಚ್ಚಿತು. ಬಲೆ ಕಟ್ಟಿ ಬೇಟೆಗಾಗಿ ಕಾಯುವ ಬದಲು, ಬೇಟೆ ಬಂದ ಮೇಲೆ ಅದರ ಮೇಲೆಯೇ ಬಲೆಯನ್ನು ನೇಯುವ ಉಪಾಯವಿದು. ಬೇಟೆಯನ್ನು ಹೀಗೆ ಕಟ್ಟುವುದು ಈ ಕುಟುಂಬದ ಬೇರೆ ಪ್ರಭೇದಗಳಲ್ಲಿಯೂ ಕಂಡುಬಂದಿದೆ. ಅದು ಮುಂದೆ ಬಂಧುತ್ವದ ಪ್ರಶ್ನೆಗೂ ಬೇಕಾಗುವುದರಿಂದ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇನ್ನು ವಿಂಗಡಣೆ. ಜೀವಶಾಸ್ತ್ರದಲ್ಲಿ ಪ್ರಭೇದಗಳು ಕೂಡಿ ಜಾತಿ, ಜಾತಿಗಳು ಕೂಡಿ ಕುಟುಂಬ. (ಇಲ್ಲಿ ಜಾತಿ ಎಂದರೆ ನಮ್ಮ ಊರುಗಳ ಜಾತಿಯಲ್ಲ. ಇಲ್ಲಿಯದು ಹೊಸ ಪುರಾವೆ ಸಿಕ್ಕರೆ ಬದಲಾಗುತ್ತದೆ.) ಹೆಸರು ಪಡೆದ ಜೇಡಗಳ ಪ್ರಭೇದಗಳು 2022ರಲ್ಲಿ 50,000ದ ಗಡಿ ದಾಟಿದವು. ನೆಗೆಯುವ ಜೇಡಗಳ ಕುಟುಂಬವೊಂದರಲ್ಲೇ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಹರ್ಸಿಲಿಯಿಡೇಯಲ್ಲಿ ಇರುವುದು ಸುಮಾರು 190. ಅದರಲ್ಲಿಯೂ ಸುಮಾರು 80 ಹರ್ಸಿಲಿಯಾ ಜಾತಿಗೆ, ಸುಮಾರು 50 ಆಸ್ಟ್ರೇಲಿಯದ ಟ್ಯಾಮಾಪ್ಸಿಸ್ ಜಾತಿಗೆ ಸೇರಿವೆ. ಉಳಿದವು ಹತ್ತು ಹದಿನೈದು ಪುಟ್ಟ ಜಾತಿಗಳಲ್ಲಿ ಚದುರಿಹೋಗಿವೆ.

ಹರ್ಸಿಲಿಯಾ ಎಂಬ ಹೆಸರಿನ ಹಿಂದೆ ಒಂದು ದುಃಖದ ಕಥೆಯಿದೆ. 1798ರಲ್ಲಿ ನೆಪೋಲಿಯನ್ನನು ಈಜಿಪ್ಟಿಗೆ ದಂಡೆತ್ತಿ ಹೋದಾಗ ಸೈನಿಕರ ಜೊತೆಗೆ ವಿದ್ವಾಂಸರ ತಂಡವನ್ನೂ ಕರೆದೊಯ್ದನೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತು. ರೊಸೆಟ್ಟಾ ಶಿಲೆ ದೊರೆತದ್ದು ಆ ದಂಡಯಾತ್ರೆಯಲ್ಲಿಯೇ. ಆ ತಂಡದಲ್ಲಿ ಸಾವಿನ್ಯಿ ಎಂಬ ತರುಣ ಪ್ರಾಣಿಶಾಸ್ತ್ರಜ್ಞನಿದ್ದನು. ಅವನು ಅಲ್ಲಿಯ ಹುಳು, ಜೇಡ, ಏಡಿಗಳನ್ನು ಸಂಗ್ರಹಿಸಿದನು. ಅವನ ಕೈಕೆಳಗೆ ಸಿದ್ಧವಾದ ಚಿತ್ರಗಳ ಸೂಕ್ಷ್ಮತೆಯನ್ನು ಇಂದಿಗೂ ಬಲ್ಲವರು ಹೊಗಳುತ್ತಾರೆ. ಆದರೆ ಚಿತ್ರಗಳಿಗೆ ವಿವರಣೆ ಬರೆಯುವ ಮೊದಲೇ ಅವನಿಗೆ ಕಣ್ಣಿನ ಬೇನೆ ಹತ್ತಿತು. ಬೆಳಕನ್ನು ಸಹಿಸಲಾರದೆ ಕತ್ತಲೆಯಲ್ಲಿಯೇ ಬಹುಕಾಲ ಕಳೆಯಬೇಕಾಯಿತು. ಅವನು ಬರೆಯಬೇಕಾಗಿದ್ದ ವಿವರಣೆಯನ್ನು ಓಡ್ವಾನ್ ಎಂಬುವನು ಬರೆದು 1826ರಲ್ಲಿ ಹೊರತಂದನು. ಈಜಿಪ್ಟಿನ ಎರಡು ಬಾಲದ ಜೇಡಕ್ಕೆ ಹರ್ಸಿಲಿಯಾ ಕಾಡೇಟಾ ಎಂಬ ಹೆಸರು ಬಂದದ್ದು ಆಗ. ಕಾಡೇಟಾ ಎಂದರೆ ಬಾಲವುಳ್ಳದ್ದು. ರೋಮನ್ನರ ಪುರಾಣದಲ್ಲಿ ರೋಮುಲಸ್ ರಾಜನ ಹೆಂಡತಿಯ ಹೆಸರೂ ಹರ್ಸಿಲಿಯಾ.

ಹತ್ತು ವರ್ಷಗಳ ತರುವಾಯ, 1836ರಲ್ಲಿ, ಪ್ಯಾರಿಸಿನ ಲ್ಯೂಕಾ ಎಂಬುವನು ನಮ್ಮ ಕಡೆಯ ಪ್ರಭೇದಕ್ಕೆ ಸಾವಿನ್ಯಿಯ ನೆನಪಿಗಾಗಿ ಹರ್ಸಿಲಿಯಾ ಸಾವಿನ್ಯಿಯೈ ಎಂದು ಹೆಸರಿಟ್ಟನು. ಲ್ಯೂಕಾ ಹುಟ್ಟಿದ್ದು 1814ರಲ್ಲಿ. ಎಂದರೆ ಆಗ ಅವನ ವಯಸ್ಸು ನಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಗಳ ವಯಸ್ಸು. ಸಾವಿನ್ಯಿ ಇನ್ನೂ ಬದುಕಿದ್ದನು, 1851ರವರೆಗೂ ಇದ್ದನು. ತನ್ನ ಹೆಸರು ಹೊತ್ತ ಜೇಡವನ್ನು ಕಣ್ಣಾರೆ ನೋಡುವ ಸ್ಥಿತಿಯಲ್ಲಿ ಮಾತ್ರ ಇರಲಿಲ್ಲ. ಭಾರತ, ಶ್ರೀಲಂಕಾಗಳಿಂದ ಪೂರ್ವದ ಫಿಲಿಪೈನ್ಸಿನವರೆಗೆ ಹಬ್ಬಿರುವ ಪ್ರಭೇದವಿದು. 1869-70ರ ಸುಮಾರಿನಲ್ಲಿ ಸ್ವೀಡನ್ನಿನ ಥೋರೆಲ್ ಇವುಗಳಿಗೆ ಬೇರೆಯೇ ಒಂದು ಕುಟುಂಬವನ್ನು ಏರ್ಪಡಿಸಿದನು.

ಮುಂದಿನ ತೊಡಕು ಟ್ಯಾಮಾ ಎಂಬ ಜಾತಿಯದು. ಜೇಡದ ಕಾಲಿನಲ್ಲಿ ಏಳು ತುಂಡುಗಳಿವೆ. ಹರ್ಸಿಲಿಯಾದ ಉದ್ದ ಕಾಲುಗಳಲ್ಲಿ ಆರನೆಯ ತುಂಡು ನಡುವೆ ಬಳುಕುವಂತೆ ಮತ್ತೆ ಎರಡಾಗಿರುತ್ತದೆ. ಹೀಗೆ ಎರಡಾಗಿರದ ಜೇಡಗಳಿಗಾಗಿ ಫ್ರಾನ್ಸಿನ ಸಿಮೋನ್ 1882ರಲ್ಲಿ ಟ್ಯಾಮಾ ಜಾತಿಯನ್ನು ಮಾಡಿದನು. ಅಲ್ಲಿಂದ ನೂರು ವರ್ಷ, ಬಾಲ ಉದ್ದವಿದ್ದು ಕಾಲಿನ ತುಂಡು ಒಂದೇ ಇದ್ದರೆ ಅದು ಟ್ಯಾಮಾ. ಕ್ಯೂಬಾದಲ್ಲಿ ಸಿಕ್ಕಿದ್ದೂ ಟ್ಯಾಮಾ, ಆಸ್ಟ್ರೇಲಿಯದಲ್ಲಿ ಸಿಕ್ಕಿದ್ದೂ ಟ್ಯಾಮಾ. ನಕ್ಷೆಯ ಮೇಲೆ ನೋಡಿದರೆ ಇಡೀ ಭೂಮಂಡಲವನ್ನು ಆಳುವ ಒಂದು ಜಾತಿ! ಆದರೆ ಕಾಲು ಎರಡಾಗದೆ ಉಳಿಯುವುದು ಒಂದು ಇಲ್ಲದ ಗುಣ. ಇಲ್ಲದ ಗುಣವನ್ನು ಹಿಡಿದು ನಂಟಸ್ತಿಕೆ ಕಟ್ಟಿದರೆ ಹೀಗಾಗುತ್ತದೆ. ನಮ್ಮ ಊರಿನಲ್ಲಿ ಮೀಸೆಯಿಲ್ಲದವರೆಲ್ಲ ಒಂದೇ ಮನೆತನದವರೆಂದು ಹೇಳಿದಂತೆ.

ಬೇರ್ ದಂಪತಿಗಳಾದ ಬಾರ್ಬರಾ ಮತ್ತು ಮಾರ್ಟಿನ್ ಈ ಗೋಜಲನ್ನು ಬಿಡಿಸಿದರು. ಗಂಡಿನ ಮತ್ತು ಹೆಣ್ಣಿನ ಜನನಾಂಗಗಳ ರಚನೆಯನ್ನು ಹೋಲಿಸಿ, 1987ರಲ್ಲಿ ಆಸ್ಟ್ರೇಲಿಯದವುಗಳನ್ನು ಟ್ಯಾಮಾಪ್ಸಿಸ್ ಎಂದು, 1993ರಲ್ಲಿ ಏಷ್ಯದ ಕೆಲವನ್ನು ನಿಯೋಟ್ಯಾಮಾ ಎಂದು ಬೇರೆ ಮಾಡಿದರು. ದಕ್ಷಿಣ ಆಫ್ರಿಕದವು 2005ರಲ್ಲಿ ಟೈರೋಟ್ಯಾಮಾ ಆದವು. ಕ್ಯೂಬಾದ್ದು 2004ರಲ್ಲಿ ಯಾಬಿಸಿ ಆಯಿತು. ಕೊನೆಗೆ ಟ್ಯಾಮಾದಲ್ಲಿ ಉಳಿದದ್ದು ಸ್ಪೇನ್, ಪೋರ್ಚುಗಲ್, ಆಲ್ಜೀರಿಯಗಳ ಒಂದೇ ಒಂದು ಪ್ರಭೇದ. ನನಗೆ ಇದು ಕುಬಟೂರಿನ ಕಥೆಯನ್ನು ತಲೆಕೆಳಗು ಮಾಡಿದಂತೆ ತೋರುತ್ತದೆ. ಶಾಸನಗಳ ಕುಪ್ಪಟೂರು ಇಂದು ಕುಬಟೂರಾಗಿದೆ. ಹೆಸರು ಸವೆದರೂ ಊರು ಅದೇ. ಟ್ಯಾಮಾದಲ್ಲಿ ಹೆಸರು ಅಕ್ಷರವೂ ಬದಲಾಗದೆ ಉಳಿದು, ಊರೇ ಖಾಲಿಯಾಯಿತು. ಆದ್ದರಿಂದ ಹಳೆಯ ಪುಸ್ತಕದಲ್ಲಿ ಟ್ಯಾಮಾ ಎಂದಿರುವಲ್ಲೆಲ್ಲ ಯಾವ ವರ್ಷದ ಪುಸ್ತಕವೆಂದು ನೋಡಿಕೊಂಡೇ ಮುಂದೆ ಓದಬೇಕು.

ಕುಟುಂಬದ ಒಳಗಿನ ಮಾತು ಇಷ್ಟು. ಈ ಕುಟುಂಬಕ್ಕೆ ಹತ್ತಿರದ ನೆಂಟರು ಯಾರು ಎಂಬುದು ಇದಕ್ಕಿಂತಲೂ ರಸವತ್ತಾದ ಪ್ರಶ್ನೆ. ಉತ್ತರ ನಮ್ಮ ನಮ್ಮ ಮನೆಯ ಗೋಡೆಯ ಮೇಲೆಯೇ ಇದೆ. ಗೋಡೆಯ ಮೂಲೆಗಳಲ್ಲಿ, ಕಿಟಕಿಯ ಚೌಕಟ್ಟಿನ ಸಂದಿನಲ್ಲಿ, ನಾಲ್ಕಾಣೆಗಿಂತ ದೊಡ್ಡದಲ್ಲದ ಚಪ್ಪಟೆಯಾದ ಬಿಳಿಯ ಬಲೆಯ ಚಿಂದಿಯನ್ನು ನೋಡಿರಬಹುದು. ಅದರ ಕೆಳಗೆ ಎರಡು ಮೂರು ಮಿಲಿಮೀಟರಿನ ಒಂದು ಜೇಡ ಇರುತ್ತದೆ. ಅದು ಈಕೋಬಿಯಸ್, ಅದರ ಕುಟುಂಬ ಈಕೋಬಿಯಿಡೇ. ಇರುವೆ ಆ ಬಲೆಯನ್ನು ಮುಟ್ಟಿದೊಡನೆ ಈ ಪುಟ್ಟ ಜೇಡ ಹೊರಬಂದು, ಹಿಂಭಾಗವನ್ನು ಇರುವೆಯ ಕಡೆಗೆ ತಿರುಗಿಸಿ, ಸುತ್ತ ಓಡಿ ಓಡಿ ಅದನ್ನು ನೂಲಿನಲ್ಲಿ ಬಿಗಿಯುತ್ತದೆ. ಮಾವಿನ ಬೊಡ್ಡೆಯ ಮೇಲೆ ನಡೆಯುವ ಕೆಲಸವೇ ಗೋಡೆಯ ಮೇಲೆಯೂ ನಡೆಯುತ್ತದೆ.

ಹೀಗಿದ್ದರೂ ಹಿಂದಿನ ವಿಂಗಡಣೆಯಲ್ಲಿ ಇವೆರಡೂ ದೂರ ದೂರ ಬಿದ್ದಿದ್ದವು. ಕಾರಣ ಮತ್ತೊಂದು ಅಂಗ. ಕೆಲವು ಜೇಡಗಳಿಗೆ ನೂಲುಗೊಳವೆಗಳ ಮುಂದೆ ಜರಡಿಯಂತೆ ಸಾವಿರಾರು ತೂತುಗಳಿರುವ ಒಂದು ತಟ್ಟೆಯಿರುತ್ತದೆ. ಅದರಿಂದ ಉಣ್ಣೆಯಂಥ ನೂಲು ಬರುತ್ತದೆ. ಈ ತಟ್ಟೆ ಇರುವವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ ಎಂದು ಹತ್ತೊಂಬತ್ತನೆಯ ಶತಮಾನದವರು ಜೇಡಗಳನ್ನು ಎರಡು ಪಾಲು ಮಾಡಿದ್ದರು. ಈಕೋಬಿಯಸ್‌ಗೆ ತಟ್ಟೆಯಿದೆ, ಹರ್ಸಿಲಿಯಾಕ್ಕೆ ಇಲ್ಲ. ಆದರೆ ಈಕೋಬಿಯಸ್ಸಿನ ಖಾಸಾ ನೆಂಟನಾದ ಯುರೋಕ್ಟಿಯಾ ಎಂಬುದಕ್ಕೂ ತಟ್ಟೆಯಿಲ್ಲ! ಫಿನ್ಲೆಂಡಿನ ಲೆಹ್ಟಿನೆನ್ ಎಂಬ ವಿದ್ವಾಂಸರು 1967ರಲ್ಲಿ ಇಂಥ ಉದಾಹರಣೆಗಳನ್ನು ಒಟ್ಟು ಮಾಡಿ, ಈ ಎರಡು ಪಾಲುಗಳೇ ಕೃತಕವೆಂದು ತೋರಿಸಿಕೊಟ್ಟರು. ತಟ್ಟೆ ಮೊದಲು ಇದ್ದು, ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆ ಕಾಲದಲ್ಲಿ ಕಳೆದುಹೋಗಿದೆ. ಇಲ್ಲಿಯೂ ಇಲ್ಲದ ಗುಣವೇ ದಾರಿ ತಪ್ಪಿಸಿತ್ತು. ಈಚಿನ ವರ್ಷಗಳಲ್ಲಿ ವಂಶವಾಹಿಗಳ ಅಕ್ಷರಸರಣಿಯನ್ನು ಓದಿ ಮಾಡಿದ ಪರೀಕ್ಷೆಗಳು ಹರ್ಸಿಲಿಯಿಡೇ, ಈಕೋಬಿಯಿಡೇಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟಿವೆ. ಇರುವೆಯ ಸುತ್ತ ಓಡುವ ಓಟವನ್ನು ಕಣ್ಣಿನಿಂದ ನೋಡಿದವರಿಗೆ ಈ ತೀರ್ಪು ಆಶ್ಚರ್ಯವೆನಿಸದು.

ವ್ಯಾಪ್ತಿಯ ವಿಷಯಕ್ಕೆ ಬರೋಣ. ಈ ಕುಟುಂಬ ಬೆಚ್ಚನೆಯ ನಾಡುಗಳದು. ಆಫ್ರಿಕ, ದಕ್ಷಿಣ ಏಷ್ಯ, ಆಗ್ನೇಯ ಏಷ್ಯ, ಆಸ್ಟ್ರೇಲಿಯ, ಅಮೆರಿಕದ ಉಷ್ಣಪ್ರದೇಶಗಳು. ಯುರೋಪಿನಲ್ಲಿ ಮೆಡಿಟರೇನಿಯನ್ ಸಮುದ್ರದ ಅಂಚಿಗೆ ಮಾತ್ರ ಮುಟ್ಟಿದೆ. ಮಳೆಯೂ ಮರವೂ ಇರುವಲ್ಲಿ ಉದ್ದ ಕಾಲಿನ ಹರ್ಸಿಲಿಯಾ ಬೊಡ್ಡೆಗಳ ಮೇಲೆ ವಾಸಿಸುತ್ತದೆ. ಮರ ವಿರಳವಾಗಿ ಕಲ್ಲು ಹೆಚ್ಚಾದ ಉತ್ತರ ಆಫ್ರಿಕದಿಂದ ಮಧ್ಯ ಏಷ್ಯದವರೆಗಿನ ಒಣನಾಡಿನಲ್ಲಿ ಹರ್ಸಿಲಿಯೋಲಾ ಮುಂತಾದ ಜಾತಿಗಳು ಕಲ್ಲುಗಳ ಆಶ್ರಯ ಹಿಡಿದಿವೆ. ದಕ್ಷಿಣ ಆಫ್ರಿಕದ ಟೈರೋಟ್ಯಾಮಾ ಸಹ ಕಲ್ಲಿನ ಕೆಳಗಿನ ವಾಸಿ. ಎಂದರೆ ಒಂದೇ ಮನೆತನ, ಊರಿಗೆ ತಕ್ಕ ಬಾಳುವೆ.

ಆಸ್ಟ್ರೇಲಿಯದ ಟ್ಯಾಮಾಪ್ಸಿಸ್ ಬಗ್ಗೆ ಒಂದು ಮಾತು. ಅದೂ ತೊಗಟೆಯ ಮೇಲಿನ ಜೇಡ. ಆ ಖಂಡದ ನೀಲಗಿರಿ ಮರವನ್ನು ನಮ್ಮ ಶಿಕಾರಿಪುರ, ಸೊರಬದ ಕಡೆ ನೆಡುತೋಪುಗಳಲ್ಲಿ ಕಾಣದವರಿಲ್ಲ. ಮರ ಬಂದಿತು, ಅದರ ಎಣ್ಣೆಯ ವಾಸನೆಯೂ ಬಂದಿತು. ಟ್ಯಾಮಾಪ್ಸಿಸ್ ಮಾತ್ರ ಭಾರತದ ಜೇಡಗಳ ಪಟ್ಟಿಯಲ್ಲಿ ಇಲ್ಲ. ಬೀಜ ಹಡಗಿನಲ್ಲಿ ಬರುತ್ತದೆ, ತೊಗಟೆ ಬರುವುದಿಲ್ಲ.

ಇಂದಿನ ನಕ್ಷೆ ಎಂದಿನ ನಕ್ಷೆಯೂ ಅಲ್ಲ. ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರತೀರದಲ್ಲಿ ಹಳೆಯ ಮರಗಳ ಅಂಟು ಕಲ್ಲಾಗಿ ದೊರೆಯುತ್ತದೆ. ಅದನ್ನು ಅಂಬರ್ ಎನ್ನುತ್ತಾರೆ. ನಾಲ್ಕು ಕೋಟಿ ವರ್ಷಗಳಿಗೂ ಹಿಂದಿನ ಆ ಅಂಟಿನಲ್ಲಿ ಈ ಕುಟುಂಬದ ಜೇಡಗಳು ಬಾಲ ಸಹಿತ ಸಿಕ್ಕಿಕೊಂಡಿವೆ. ಇಂದು ಆ ತೀರದಲ್ಲಿ ಒಂದೂ ಇಲ್ಲ. ಆಗ ಅಲ್ಲಿ ಹವೆ ಬೆಚ್ಚಗಿತ್ತು. ಬರ್ಮಾದ ಅಂಬರಿನಲ್ಲಿ ದೊರೆತವು ಇನ್ನೂ ಹಳೆಯವು, ಸುಮಾರು 10 ಕೋಟಿ ವರ್ಷದವು. ಮರದ ಬೊಡ್ಡೆಯ ಮೇಲೆ ಬಾಳುವ ಜೇಡ ಮರದ ಅಂಟಿನಲ್ಲಿಯೇ ಉಳಿದು ಬಂದಿರುವುದು ಸಹಜವೇ ಆಗಿದೆ.

ನಮ್ಮ ದೇಶದ ಮಟ್ಟಿಗೆ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಪೋಕಾಕ್ 1900ರಲ್ಲಿ ಹಿಂದೂಸ್ಥಾನ, ಸಿಂಹಳ, ಬರ್ಮಾಗಳ ಜೇಡ ಚೇಳುಗಳ ಮೇಲೆ ಒಂದು ಸಂಪುಟ ಬರೆದನು. ಸ್ವಾತಂತ್ರ್ಯಾನಂತರ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಬಿ. ಕೆ. ಟಿಕಾದರ್ ಅವರ ಹೊತ್ತಿಗೆಗಳು ಬಂದವು. ಆದರೂ ಈ ಕುಟುಂಬದಲ್ಲಿ ಹೊಸತು ಸಿಗುವುದು ನಿಂತಿಲ್ಲ. 2010ರಲ್ಲಿ ಆಂಧ್ರದಿಂದ ಎರಡು ಹೊಸ ಪ್ರಭೇದಗಳಿಗೆ ಹೆಸರಾಯಿತು: ಮರ್ರಿಸಿಯಾ ಹೈದರಾಬಾದೆನ್ಸಿಸ್ ಮತ್ತು ಹರ್ಸಿಲಿಯಾ ಓರ್ವಕಲೆನ್ಸಿಸ್. ಮೊದಲನೆಯದರಲ್ಲಿ ಹೈದರಾಬಾದಿನ ಹೆಸರಿದೆ. ಎರಡನೆಯದರಲ್ಲಿ ಕರ್ನೂಲು ಜಿಲ್ಲೆಯ, ಬಂಡೆಗಳಿಗೆ ಹೆಸರಾದ ಓರ್ವಕಲ್ಲಿನ ಹೆಸರಿದೆ. ಇದನ್ನು ಓದಿ, ಆಂಧ್ರದಲ್ಲಿ ಈ ಜೇಡಗಳು ಹೆಚ್ಚು, ನಮ್ಮಲ್ಲಿ ಕಡಿಮೆ ಎಂದು ಭಾವಿಸುವುದು ಸರಿಯಲ್ಲ. ಹುಡುಕಿದವರು ಅಲ್ಲಿದ್ದರು, ಆದ್ದರಿಂದ ಅಲ್ಲಿ ಸಿಕ್ಕಿದವು. ಶಾಸನಗಳ ವಿಷಯದಲ್ಲಿಯೂ ನಮ್ಮ ಅನುಭವ ಇದೇ ಅಲ್ಲವೆ? ರೈಸ್ ಸಾಹೇಬರು ಮೈಸೂರು ಸಂಸ್ಥಾನದ ಊರೂರುಗಳ ಕಲ್ಲುಗಳನ್ನು ಓದಿಸಿ ಅಚ್ಚು ಹಾಕಿಸುವ ಮೊದಲೂ ಸೊರಬದ ಕಲ್ಲುಗಳು ನಿಂತಲ್ಲೇ ನಿಂತಿದ್ದವು. ಜೇಡಗಳ ವ್ಯಾಪ್ತಿಯ ನಕ್ಷೆಯಲ್ಲಿ ಚುಕ್ಕೆಯಿಲ್ಲದ ಜಾಗವೆಂದರೆ ಜೇಡವಿಲ್ಲದ ಜಾಗವೆಂದಲ್ಲ. ಮಲೆನಾಡಿಗೂ ಬಯಲುಸೀಮೆಗೂ ನಡುವೆ ಸೇತುವೆಯಂತಿರುವ ನಮ್ಮ ಕಡೆಯ ಮರಗಳನ್ನು ನೋಡಬೇಕಾದ ಕೆಲಸ ಬಹಳವಿದೆ.

ನೋಡುವವರಿಗೆ ಒಂದೆರಡು ಸೂಚನೆ. ಕಣ್ಣಿನಿಂದ ಕುಟುಂಬವನ್ನು ಗುರುತಿಸಬಹುದು, ಭೂತಗನ್ನಡಿಯಿಂದ ಕಾಲಿನ ಆರನೆಯ ತುಂಡನ್ನು ನೋಡಿ ಹರ್ಸಿಲಿಯಾ ಹೌದೋ ಅಲ್ಲವೋ ಎಂದೂ ಹೇಳಬಹುದು. ಪ್ರಭೇದವನ್ನು ಹೇಳಲು ಮಾತ್ರ ಬೆಳೆದ ಹೆಣ್ಣಿನ ಅಥವಾ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಬಣ್ಣ ನೋಡಿ ಸಾವಿನ್ಯಿಯೈ ಎಂದು ಬರೆದುಬಿಡುವುದು ಸುಲಭ. ಬಣ್ಣವೋ ಬೊಡ್ಡೆಯಿಂದ ಬೊಡ್ಡೆಗೆ ಬೇರೆ. ಆದ್ದರಿಂದ ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹರ್ಸಿಲಿಯಾ ಎಂದಷ್ಟೇ ಬರೆದು, ಮರದ ಹೆಸರು, ತಿಂಗಳು, ನೆಲದಿಂದ ಎತ್ತರ, ಮೊಟ್ಟೆಯ ಚೀಲವಿದೆಯೇ ಇಲ್ಲವೇ ಎಂಬುದನ್ನು ಗುರುತು ಹಾಕಿದ್ದೇನೆ. ಇವುಗಳಿಂದ ಮೈಮೇಲೆ ಗುಳ್ಳೆ ಏಳುತ್ತದೆಂದು ಹೆದರುವವರಿದ್ದಾರೆ. ನಾನು ಅಷ್ಟು ಹತ್ತಿರ ಮುಖವಿಟ್ಟು ನೋಡಿದ್ದೇನೆ, ಒಂದು ಸಲವೂ ಮೈಮೇಲೆ ಬರಲಿಲ್ಲ. ಬೊಡ್ಡೆಯ ಆಚೆ ಮಗ್ಗುಲಿಗೆ ಓಡಿಹೋಗುವುದೇ ಅವುಗಳ ಜಾಣತನ. ಇಬ್ಬರು ಎರಡು ಕಡೆ ನಿಂತರೆ ನೋಡುವುದು ಸುಲಭ.

ನಾನು ಕುಬಟೂರಿನಲ್ಲಿ ಇವನ್ನು ಹೆಚ್ಚಾಗಿ ಕಂಡದ್ದು ಮಾವು ಹಲಸುಗಳ ಮೇಲೆ, ಎದೆಯ ಮಟ್ಟದಿಂದ ತಲೆಯ ಮಟ್ಟದವರೆಗೆ. ಅಡಿಕೆಯ ನುಣುಪಾದ ಮರಗಳ ಮೇಲೆ ಸಿಗಲಿಲ್ಲ. ರಸ್ತೆಯ ಬದಿಯ ಮರಗಳ ಬುಡಕ್ಕೆ ಸುಣ್ಣ, ಕೆಮ್ಮಣ್ಣು ಬಳಿದು ಪಟ್ಟಿ ಮಾಡಿರುತ್ತಾರಷ್ಟೆ. ಆ ಪಟ್ಟಿಯ ಮೇಲೆಯೂ ಒಂದೂ ಕಾಣಲಿಲ್ಲ. ಪಟ್ಟಿ ಮುಗಿದು ಬರಿಯ ತೊಗಟೆ ಮೊದಲಾಗುವ ಕಡೆ, ನಾಲ್ಕು ಬೆರಳು ಮೇಲೆ, ತಲೆ ಕೆಳಗಾಗಿ ಕುಳಿತಿದ್ದುವು.